ಬಾದಶಾನ ಕುದುರೆ ಜಿಗಿತ

"ಹಲೋ... ಹಲೋ, ಯಾರು ಮಾತಾಡಾಕತ್ತೀರಿ? ಬಸವಕಲ್ಯಾಣ, ಗಡಿಯಾರದ ಅಂಗಡೀನಾ? ... ಹಾಂ, ಯುನೂಸ್, ನಾನೋ, ಬಕ್ಕಪ್ಪ. ಟ್ರಂಕ್ ಕಾಲ್ ಹಚ್ಚಿ ಮುಂಜಾನಿಂದ ಕುಂತೀನಿ, ಈಗ ಸಿಕ್ತು. ಏನು ಆಡ್ತು ನಿನ್ನ ಡಬ್ಬಿ?"

...

ಯುನೂಸನ ಅಳಿಯ ದುಬೈಯಿಂದ ಚದುರಂಗ ಆಡುವ ಕಂಪ್ಯೂಟರ್ ಡಬ್ಬಿ ತಂದುಕೊಟ್ಟಾಗಿನಿಂದ ಬಕ್ಕಪ್ಪನ ನೆಮ್ಮದಿ ಹಾಳಾಗಿತ್ತು. ಪ್ರತಿ ಗುರುವಾರ ಬಸ್ಸು ಹತ್ತಿ ಹುಮನಾಬಾದಿನ ಬಕ್ಕಪ್ಪನ ತೊಗರಿ ಅಂಗಡಿಗೆ ಆಟಕ್ಕೆ ಬರುತ್ತಿದ್ದ ಗೆಳೆಯ ಬರುವುದನ್ನೇ ಬಿಟ್ಟಿದ್ದ. ಸಿಟ್ಟಿಗೆದ್ದ ಬಕ್ಕಪ್ಪ ಪಣ ಕಟ್ಟಿದ. ಫೋನಿನ ಮೇಲೆ ನಡೆ ಹೇಳಿ ತಾನು ಆ ಡಬ್ಬಿಯನ್ನು ಸೋಲಿಸಿದರೆ ಯುನೂಸ್ ಮೊದಲಿನಂತೆ ಬರಬೇಕು. ಸೋತರೆ ಬಕ್ಕಪ್ಪ ಇನ್ನು ಯಾವತ್ತೂ ಅವನನ್ನು ಬಾ ಎಂದು ಕರೆಯಬಾರದು.

"ವಜೀರ ಮುಂದ ಬಂತಾ? ... ಬರ್ಲಿ ಬಿಡು. ಮುಂದಿನ ನಡಿಯಾಗ ನನ್ನ ಕಥಿ ಮುಗೀತು ಅಂತ ತಿಳಕೊಂಡದ ಅದು, ಅಲ್ವಾ? ಈಗ ನಂದು ಕೇಳು. ನನ್ನ ಬಾದಶಾ ಕುದುರಿ ಹಂಗ ಜಿಗಿತಾನ, ಪ್ಯಾದೆಗಳ ಆಚಿಗೆ. ಒತ್ತು ಗುಂಡಿ."

...

"ಕೂಗಾಕತ್ತದಾ? ಮತ್ತೊಮ್ಮೆ ಒತ್ತು. ... ಮತ್ತ ಕೂಗ್ತಾ? ಯಾಕ ಒಪ್ಪಂಗಿಲ್ಲ ಅದು?"

ಒಮ್ಮೆಯೂ ಶಹ, ಅಂದರೆ ಚೆಕ್, ತಿನ್ನದ ಬಾದಶಾ ಒಂದೇ ಒಂದು ಸಲ ಕುದುರೆಯಂತೆ ಜಿಗಿಯಬಹುದು, ಊರ ಕಟ್ಟೆಗಳ ಮೇಲಿನ ಆಟವೆಲ್ಲ ಹಾಗೇ. ಆ ಜಿಗಿತವನ್ನು ನಂಬಿಯೇ ಬಕ್ಕಪ್ಪ ಬಾದಶಾನನ್ನು ಮೂಲೆಯಲ್ಲಿಟ್ಟು, ತನ್ನ ಪ್ಯಾದೆಗಳಿಂದಲೇ ಅವನ ದಾರಿ ಮುಚ್ಚಿಕೊಂಡಿದ್ದ.

"ವಿಲಾಯತಿ ಆಟದಾಗ ಜಿಗಿಯೋದೇ ಇಲ್ಲಾ? ... ಯಾವಾವ ಕಲಿಸಿದಾವ ಅದಕ್ಕ? ನೀ ಎಷ್ಟು ಸಲ ಜಿಗಿಸಿ ನನ್ನ ಸೋಲಿಸೀದಿ, ಹೇಳು ಅದಕ್ಕ. ... ಹಾಂ, ಹೇಳಿದ್ರ ಕೇಳಂಗಿಲ್ಲ. ಅದೂ ಖರೇ."

...

"ತಡಿ, ಬ್ಯಾರೆ ನೋಡ್ತೀನಿ. ಆನಿ ಅಡ್ಡ ತಂದ್ರ ವಜೀರ ತಿಂತದ. ಪ್ಯಾದೆ ಸರಿಸಿದ್ರ... ಅಲ್ಲಿ ಅದರ ಒಂಟೆ ಕುಂತದ. ... ಇಲ್ಲೋ ಯುನೂಸ್. ದಾರಿ ಇಲ್ಲ."

ನಡುವೆ ಎಕ್ಸ್‌ಚೇಂಜಿನ ಹೆಣ್ಣುಮಗಳ ದನಿ ತೂರಿತು.

"ಗೊತ್ತಾತ್ರಿ ಬಾಯಾರ, ಟೈಮ್ ಆಗ್ಯದ. ಇನ್ನೊಂದು ಚೂರು ಮಾತಾಡಾಕ ಬಿಡ್ರಿ. ... ಸೋತೆ, ಯುನೂಸ್. ... ಇಲ್ಲ, ಕರಿಯಂಗಿಲ್ಲ. ಮಾತು ಕೊಟ್ಟೀನಿ, ಕರಿಯಂಗಿಲ್ಲ."

...

ಗುರುವಾರಗಳೆಲ್ಲ ಇನ್ನು ಖಾಲಿ. ಇಷ್ಟು ವರ್ಷವೂ ಯುನೂಸನೇ ಇವನ ಅಂಗಡಿಗೆ ಬರುತ್ತಿದ್ದ. ಬಕ್ಕಪ್ಪ ಬಸವಕಲ್ಯಾಣಕ್ಕೆ ಹೋದಾಗಲೂ ಅವನ ಮನೆಯ ಹೊಸ್ತಿಲು ತುಳಿದವನಲ್ಲ. ತುರುಕರ ಮನೆಯಲ್ಲಿ ನೀರು ಕುಡಿದನಂತೆ ಎಂದು ಮಂದಿ ಆಡಿಕೊಂಡಾರು ಎಂಬ ಅಳುಕು.

"ಯುನೂಸ್... ನಿನ್ನ ಕರಿಯಂಗಿಲ್ಲ ಅಂದೀನಿ. ನಾ ಬರಂಗಿಲ್ಲ ಅಂದಿಲ್ಲಲ್ಲ? ... ಹಾಂ, ನಾನ. ನಿಮ್ಮ ಮನಿಗಿ. ... ಅಂಗಡಿಗಲ್ಲೋ, ಮನಿಗಿ. ... ಅಂದ್ರ ಅನ್ಲಿ ಮಂದಿ."

...

"ಗುರುವಾರ ಬರ್ತೀನಿ. ಭಾಬಿಗಿ ಚಾ ಇಡಂತ ಹೇಳು. ... ಹೂಂ, ಕುಡಿತೀನಿ. ... ಯಾಕ ಸುಮ್ಮನಾದಿ? ಬರ್ಲೋ ಬ್ಯಾಡೋ, ಒಂದು ಮಾತು ಹೇಳು. ... ಯುನೂಸ್? ... ಹಲೋ?"

ಲೈನು ಕಡಿದಿತ್ತು.