ಚಿತ್ರದಲ್ಲಿಲ್ಲದ ಅಮ್ಮ

ಮಪುಟೊದಲ್ಲಿ ಚಾಪಾ ವ್ಯಾನಿಗಾಗಿ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಅಕ್ಕತಂಗಿಯರು ಕಪ್ಪು ಬಿಳುಪು ಫೋಟೊಗಳ ಪ್ರದರ್ಶನ ನೋಡಿ ಬಂದಿದ್ದರು.

“ಆ ಫೋಟೊಗ್ರಾಫರ್ ತೆಲ್ಮೊ ನಮ್ಮ ಕಟ್ಟಡದ ಮೇಲೆ ಮೋಡ ಹೇಗೆ ಎಳೆದಿದ್ದಾನೆ ನೋಡಿದ್ಯಾ ಅಕ್ಕ? ಸುಣ್ಣ ಬಳಿದ ಹಾಗೆ.”

“ಐದು ನಿಮಿಷ ಕ್ಯಾಮೆರಾ ತೆರೆದಿಟ್ರೆ ಹಾಗಾಗುತ್ತಂತೆ. ದೊಡ್ಡ ವಿದ್ಯೆ!”

“ಓಡಾಡ್ತಿದ್ದ ನಾವ್ಯಾರೂ ಫೋಟೊದಲ್ಲಿ ಬಿದ್ದೇ ಇಲ್ಲ.”

“ಅಲ್ಲಾಡಿದವ್ರು ಮಾಯವಾಗ್ತಾರಂತೆ, ಅದಿರ್ಲಿ. ಅಮ್ಮ ಅಲ್ಲಾಡಿದ್ಲಾ?”

“ಎಲ್ಲಿ! ಹೊಸ ಕಪುಲಾನಾ ಉಟ್ಕೊಂಡು ಮೆಟ್ಟಿಲ ಮೇಲೆ ಕಲ್ಲಿನ ಹಾಗೆ ಕೂತಿದ್ಲು. ಮೂಗಿನ ಮೇಲೆ ನೊಣ ಕೂತ್ರೂ ಕೈ ಎತ್ತಲಿಲ್ಲ.”

“ಅದನ್ನೇ ಅವನ್ನ ಕೇಳ್ದೆ. ‘ಚೆನ್ನಾಗೇ ಬಂದಿದ್ರು, ಕಟ್ಟಡದ ಅಂದ ಕೆಡ್ತಿತ್ತು, ನಾನೇ ಅಳಿಸ್ದೆ’ ಅಂದ.”

“ಥೂ! ಅವಳ ಕೈಯಿಂದಲೇ ಎರಡೆರಡು ಸಲ ಮರಗೆಣಸಿನ ಸೊಪ್ಪಿನ ಸಾರು ಹಾಕಿಸ್ಕೊಂಡು ತಿಂದ ಬಾಯಿ!”

“ಆಕಾಶ ನೋಡಿ ನೋಡಿ ಕತ್ತು ಸೊಟ್ಟಗಾಗಿದೆ ಅವನಿಗೆ. ಮನುಷ್ಯರು ಎಲ್ಲಿ ಕಾಣ್ತಾರೆ!”

“ತನ್ನ ಫೋಟೊ ಹಾಕಿದ್ದಾರೆ ಅಂತ ಅಮ್ಮ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದಾಳೆ. ಈಗ ಅವಳಿಗೆ ಏನ್ ಹೇಳ್ತೀಯ?”

“ನಾನ್ಯಾಕೆ ಹೇಳ್ಲಿ? ನಾಳೆ ಅವಳನ್ನೇ ಕರ್ಕೊಂಡು ಬರ್ತೀನಿ. ‘ನಾನೆಲ್ಲಪ್ಪ?’ ಅಂತ ಅವನನ್ನೇ ಕೇಳ್ಲಿ.”

“ಅಷ್ಟು ಜನರೆದುರಿಗಾ?”

“ಮತ್ತೆ?”

ವ್ಯಾನ್ ಬಂತು. ಇಬ್ಬರೂ ಮೊಣಕೈಯಿಂದ ದಾರಿ ಮಾಡಿಕೊಂಡು ಹತ್ತಿ ಹೋದರು.