ಮೂರನೇ ಮಾಳಿಗೆಯವರೆಗಿನ ಗ್ಯಾರಂಟಿ

...ಏಳಬೇಡಿ ಸ್ವರ್ಣಕ್ಕ, ನೀರು ನಾನೇ ತೆಗೆದುಕೊಳ್ಳುತ್ತೇನೆ. ನಿಮಗೆ ಏಕಾದಶಿಯ ಉಪವಾಸ, ಮೇಲಿಂದ ಮೌನ ವ್ರತ, ಸಂಜೆ ದೀಪ ಹಚ್ಚುವವರೆಗೆ ಒಂದು ಮಾತಿಲ್ಲ ಅಂತ ಸರ್ವೋತ್ತಮಣ್ಣ ಬಾಗಿಲಲ್ಲೇ ಹೇಳಿದರು. ಹೇಳಿದವರು ಚಪ್ಪಲಿ ಮೆಟ್ಟಿ ಹೊರಟೇ ಬಿಟ್ಟರು. ನಿಮ್ಮ ಯಜಮಾನರಿಗೆ ಬುದ್ಧಿ ಉಂಟು. ಇಬ್ಬರು ಬೀಗಿತ್ತಿಯರ ನಡುವೆ ಕೂರುವುದಕ್ಕಿಂತ ಥಾಣೆ ಸ್ಟೇಷನ್ನಿನ ಬೆಂಚು ಮೇಲು ಅಂತ ಕಂಡಿರಬೇಕು.

ಇಲ್ಲ ಇಲ್ಲ, ನೀವು ಮಾತಾಡದ ದಿವಸ ನೋಡಿಕೊಂಡು ಬಂದದ್ದಲ್ಲ. ಏಕಾದಶಿ ಅಂತ ಗೊತ್ತಿತ್ತು, ಗೊತ್ತಿಲ್ಲದೆ ಹೇಗೆ, ನನಗೂ ಉಪವಾಸವೇ. ಮೌನ ಮಾತ್ರ ನನಗೆ ಕೂಡಿಬರುವುದಿಲ್ಲ. ಬಾಯಿ ಮುಚ್ಚಿದರೆ ತಲೆನೋವು.

ಕೆಲಸ ಸಣ್ಣದು. ಒಂದು ಸಹಿ. ಇಗೊಳ್ಳಿ, ಈ ಫಾರಂ. ಪ್ರೇಕ್ಷಾಳ ಹುಟ್ಟುಹಬ್ಬಕ್ಕೆ ನೀವು ಕೊಟ್ಟಿರಲ್ಲ ಟ್ಯಾಬ್, ಅದು ಹೋಯಿತು. ನಿಮ್ಮ ಮಗಳಿಂದ ಸುದ್ದಿ ಬಂದಿರಬಹುದು. ಬಂದಿದೆ, ಅಲ್ಲವಾ? ಮಕ್ಕಳ ಕೈಯಿಂದ ಬಿದ್ದು ಒಡೆದರೆ ಒಂದು ವರ್ಷದೊಳಗೆ ಹೊಸದು ಕೊಡುತ್ತಾರಂತೆ. ದೊಡ್ಡವರ ಕೈಯಿಂದಾದರೆ ಇಲ್ಲವಂತೆ. ಖರೀದಿ ಮಾಡಿದವರ ಸಹಿ ಬೇಕು. ಭಾನುವಾರ ತಾನೇ ತರುತ್ತೇನೆ ಅಂದಿದ್ದಳು ಮಾನಸಿ. ಪಾಪ, ಸೊಸೆಗೆ ಯಾಕೆ ತೊಂದರೆ ಅಂತ ನಾನೇ ಹೊರಟೆ. ಮಗನಿಗೆ ಇವತ್ತು ರಜೆ, ಪ್ರೇಕ್ಷಾ ಅವನ ಹತ್ತಿರ ಇದ್ದಾಳೆ. ಸಾಮಾನು ಸಮೇತ ತಂದಿದ್ದೇನೆ, ಈ ಚೀಲದಲ್ಲಿ, ಟವೆಲ್ಲಿನಲ್ಲಿ ಸುತ್ತಿ.

ಹಾಂ, ಅದೇ ಮಾತಾಡಿದ್ದು. ಹೆದರಬೇಡಿ. ಗಾಜು ಹುಡಿಹುಡಿ, ಮುಖ ಕಪ್ಪು, ಆದರೆ ಪ್ರಾಣ ಹೋಗಿಲ್ಲ ಅದರದ್ದು. ನಡುನಡುವೆ ತಾನಾಗಿ ಎಚ್ಚರವಾಗುತ್ತದೆ. ಡೊಂಬಿವಲಿಯಲ್ಲಿ ರೈಲಿನ ಲೇಡೀಸ್ ಡಬ್ಬಿ ಹತ್ತಿ ಕೂತಿದ್ದೇನೆ, ಆಚೆ ಈಚೆ ಮೀನಿನವರು, ಆಫೀಸಿನವರು. ಚೀಲದೊಳಗಿಂದ ಒಂದು ಹೆಣ್ಣು ಸ್ವರ, ಆನೆ ಎಲ್ಲಿದೆ ಅಂತ ಇಂಗ್ಲಿಷಿನಲ್ಲಿ ಕೇಳಿತು. ಇಡೀ ಡಬ್ಬಿ ನನ್ನನ್ನೇ ನೋಡಿತು. ಸ್ವಲ್ಪ ಹೊತ್ತು ಬಿಟ್ಟು, ಭೇಷ್, ಸರಿಯಾಗಿ ತೋರಿಸಿದೆ ಅಂತಲೂ ಹೇಳಿತು. ನಾನೇನು ಮಾಡಲಿ? ಕೃಷ್ಣ ಕೃಷ್ಣ ಅಂತ ಕಣ್ಣು ಮುಚ್ಚಿ ಕೂತೆ.

ನಗುತ್ತೀರಾ? ನಗಿ. ವ್ರತದಲ್ಲಿ ನಗುವುದಕ್ಕೆ ಅಡ್ಡಿಯಿಲ್ಲ. ಸಹಿ ಇಲ್ಲಿ, ಕೆಳಗೆ.

ಎಂಥದು? ಬೆರಳು ಯಾಕೆ ಹೀಗೆ ತಿರುಗಿಸುತ್ತೀರಿ... ಹೇಗೆ ಅಂತಲಾ? ಹೇಗೆ ಅಂದರೆ, ಬಿತ್ತು. ಬಿತ್ತು ಸ್ವರ್ಣಕ್ಕ. ಬೀಳುವುದೇನು ಹೊಸತಲ್ಲ ಅದಕ್ಕೆ. ನಾಲ್ಕು ವರ್ಷದ ಮಗುವಿನ ಮನೆ. ತಂದ ವಾರವೇ ಸೋಫಾದಿಂದ ಬಿತ್ತು. ಆಮೇಲೆ ಮೆಟ್ಟಿಲಿನಲ್ಲಿ ಬಿತ್ತು, ಹನ್ನೊಂದು ಮೆಟ್ಟಿಲು, ಕಪ್ಪೆಯ ಹಾಗೆ ಕುಪ್ಪಳಿಸಿಕೊಂಡು ಹೋಗಿ ವಾಚ್‌ಮನ್ನಿನ ಕಾಲ ಬಳಿ ಕೂತು ಎ ಬಿ ಸಿ ಹೇಳುತ್ತಿತ್ತು. ಇನ್ನೊಂದು ದಿವಸ ಅಡುಗೆಮನೆಯ ಶೆಲ್ಫಿನಿಂದ ಇಡ್ಲಿಯ ಹಿಟ್ಟಿಗೇ ಬಿತ್ತು. ಹಿಟ್ಟು ಹಾಳಾಯಿತೇ ಹೊರತು ಅದಕ್ಕೇನೂ ಆಗಲಿಲ್ಲ. ಒರೆಸಿದೆ, ಹಾಡಿತು. ಆ ನೀಲಿ ರಬ್ಬರಿನ ಅಂಗಿ ಉಂಟಲ್ಲ, ಎರಡು ಹಿಡಿಕೆಯದ್ದು, ಅದು ಕವಚ ಸ್ವರ್ಣಕ್ಕ, ಕರ್ಣನಿಗಿದ್ದ ಹಾಗೆ. ಅಂಗಡಿಯವನು ನಿಮ್ಮ ಮುಂದೆಯೇ ನೆಲಕ್ಕೆ ಬಿಸಾಡಿ ತೋರಿಸಿದನಂತೆ, ಮೂರನೇ ಮಾಳಿಗೆಯಿಂದ ಬಿದ್ದರೂ ಗ್ಯಾರಂಟಿ ಅಂದನಂತೆ. ಸತ್ಯವಂತ ಮನುಷ್ಯ. ನಮ್ಮದು ನಾಲ್ಕನೇ ಮಾಳಿಗೆ.

ಹೌದು. ಬಾಲ್ಕನಿಯಿಂದ ಬಿತ್ತು.

ಏನು, ಕೈ ಸೊಂಟದ ಹತ್ತಿರ ಹಿಡಿದು ಏನು ಹೇಳುತ್ತಿದ್ದೀರಿ? ಪ್ರೇಕ್ಷಾ ಇಷ್ಟೇ ಎತ್ತರ... ಹೌದು, ಇಷ್ಟೇ. ಬಾಲ್ಕನಿಯ ಗೋಡೆ ಇಷ್ಟು... ಹೌದು, ಅವಳ ತಲೆಗಿಂತ ಮೇಲೆ. ಅಡುಗೆಮನೆಯ ಶೆಲ್ಫೂ ಮೇಲೆಯೇ, ನೀವು ಎಲ್ಲ ಅಳತೆ ಹಿಡಿದು ಕೂತಿದ್ದೀರಿ. ಬಿತ್ತು ಅಂದೆ, ಅದು ಸುಳ್ಳಲ್ಲ. ಬಿದ್ದದ್ದಂತೂ ಹೌದಲ್ಲ? ನಾನು ಸುಳ್ಳು ಹೇಳುವವಳಲ್ಲ ಅಂತ ನಿಮಗೂ ಗೊತ್ತು, ದೇವರಿಗೂ ಗೊತ್ತು.

ಕೆಲವು ಸಾಮಾನನ್ನು ನಾನು ಎತ್ತರದಲ್ಲಿ ಇಡುತ್ತೇನೆ. ಅಂಚಿನಲ್ಲಿ. ಬೀಳಲಿ ಅಂತ ಅಲ್ಲ. ದೇವರು ಬೇಡ ಅಂದರೆ ಬೀಳುತ್ತದೆ, ಇರಲಿ ಅಂದರೆ ಇರುತ್ತದೆ. ಅವನ ಇಚ್ಛೆಗೆ ಸ್ವಲ್ಪ ಜಾಗ ಬಿಟ್ಟುಕೊಡುವುದು, ಅಷ್ಟೇ.

ಹಾಗೆ ನೋಡಿದರೆ ನಾನು ಎಷ್ಟು ಮಕ್ಕಳಿಗೆ ಕೊಟ್ಟಿದ್ದೇನೆ ಅದನ್ನು. ಎರಡನೇ ಮಾಳಿಗೆಯಲ್ಲಿ ಒಂದು ಮಗು ಉಂಟು, ಮೂರು ವರ್ಷ, ಹೆಸರು ಸಾತ್ವಿಕ. ಹೆಸರು ಇಡುವಾಗ ಮನೆಯವರಿಗೆ ಗೊತ್ತಿರಲಿಲ್ಲ ಪಾಪ. ಅಪ್ಪನ ಎರಡು ಕನ್ನಡಕ, ಅಜ್ಜನ ಹಲ್ಲಿನ ಸೆಟ್ಟು, ಲಿಫ್ಟಿನ ಗುಂಡಿ ಎಲ್ಲ ಅವನ ಕೈಯಲ್ಲೇ ಹೋದದ್ದು. ಅವನನ್ನು ಕರೆದು, ಬಾ ಮಗಾ, ಆಡು ಅಂತ ಎರಡು ಮಧ್ಯಾಹ್ನ ಬಿಟ್ಟುಕೊಟ್ಟೆ. ಕಚ್ಚಿದ. ಅದರ ಮೇಲೆ ಹತ್ತಿ ನಿಂತ. ಬಕೆಟಿನ ನೀರಿನಲ್ಲಿ ಮುಳುಗಿಸಿ ತೆಗೆದ. ಕಡೆಗೆ ಅವನಿಗೇ ಸುಸ್ತಾಗಿ ಅದರ ಮೇಲೆ ತಲೆ ಇಟ್ಟು ಮಲಗಿದ. ಅದು ಅವನಿಗೆ ಲಾಲಿ ಹಾಡಿತು.

ಆ ಶನಿವಾರ ಮುಖ್ಯಪ್ರಾಣನ ಗುಡಿಗೆ ಹೋದೆ. ಒಡೆದುಬಿಡು ಅಂತ ಕೇಳಲಿಲ್ಲ ಸ್ವರ್ಣಕ್ಕ, ದೇವರ ಹತ್ತಿರ ಹಾಗೆಲ್ಲ ಕೇಳುತ್ತಾರಾ? ಇಷ್ಟೇ ಹೇಳಿದೆ. ಲಂಕೆಯನ್ನು ಸುಟ್ಟವನು ನೀನು, ನಿನಗೆ ನಾನು ಹೇಳಿಕೊಡಬೇಕಾ ಅಂತ.

ಯಾಕೆ ಅಂತ ಕೇಳುತ್ತಿದ್ದೀರಿ, ಕಣ್ಣಿನಲ್ಲೇ. ಯಾಕೆ ಅಂದರೆ...

ಏಳು ಗಂಟೆ. ಏಳು ಗಂಟೆ ನನ್ನದಾಗಿತ್ತು. ಮಗ, ಸೊಸೆ ಇಬ್ಬರೂ ಆಫೀಸಿನಿಂದ ಬರುವುದು ಏಳೂವರೆಗೆ. ಅದಕ್ಕೆ ಮೊದಲು ಪ್ರೇಕ್ಷಾ ನನ್ನ ಮಡಿಲಿನಲ್ಲಿ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಬತ್ತಿಯಾ ಅದು, ಎರೆಹುಳದ ಹಾಗಿರುತ್ತಿತ್ತು. ಆದರೂ ಅದನ್ನೇ ಎಣ್ಣೆಗೆ ಹಾಕಿ ಹಚ್ಚುತ್ತಿದ್ದೆವು. ಶ್ಲೋಕದಲ್ಲಿ ಎರಡು ಅಕ್ಷರ ಹೇಳಿದರೆ ನಾಲ್ಕು ನುಂಗುತ್ತಿದ್ದಳು. ಟ್ಯಾಬ್ ಬಂತು. ಏಳಕ್ಕೆ ಸರಿಯಾಗಿ ನೀವು ಅದರೊಳಗೆ ಬರುತ್ತೀರಿ. ನಿಮ್ಮ ಬೆಳ್ಳಿಯ ದೀಪ, ನಿಮ್ಮ ಗಂಟೆ, ನಿಮ್ಮ ಸ್ವರ. ಸ್ವರ ಒಳ್ಳೆಯದೇ, ಇಲ್ಲ ಅಂದರೆ ನನ್ನ ನಾಲಿಗೆ ಬೀಳಲಿ. ಒಂದು ತಿಂಗಳಿನಲ್ಲಿ ಮಗು ಎಲ್ಲ ಅಕ್ಷರ ಹೇಳಲು ಕಲಿಯಿತು. ನನ್ನ ಕೈಯಲ್ಲಿ ಎರಡು ವರ್ಷಕ್ಕೂ ಆಗಿರಲಿಲ್ಲ.

ಒಂದು ದಿವಸ ನಾನು ದೇವರ ಮುಂದೆ ಗಂಟೆ ಬಾರಿಸುತ್ತಿದ್ದೇನೆ, ಅವಳು ಹಿಂದೆ ತಿರುಗಿ, ಅಜ್ಜಿ, ಆಪ್ ಮ್ಯೂಟ್ ಪೇ ರಹೋ ನಾ, ಕೋಪರಿವಾಲೀ ಅಜ್ಜಿ ಕಾ ಸುನಾಯಿ ನಹೀ ದೇತಾ, ಅಂದಳು. ನಾನು ಮ್ಯೂಟ್‌ನಲ್ಲಿ ಇರಬೇಕಂತೆ, ಕೋಪರಿಯ ಅಜ್ಜಿ, ಅಂದರೆ ನೀವು, ಹೇಳುವುದು ಕೇಳಿಸುವುದಿಲ್ಲವಂತೆ.

ನಲವತ್ತು ವರ್ಷದಿಂದ ಆ ಗಂಟೆ ಬಾರಿಸಿದವಳು ನಾನು. ಮ್ಯೂಟ್.

ನಿಮ್ಮ ಮೇಲೆ ಸಿಟ್ಟಿಲ್ಲ ನನಗೆ. ಭಕ್ತಿಯಲ್ಲಿ ಮತ್ಸರ ಇರಬಾರದು ಅಂತ ಪುರಾಣದಲ್ಲಿ ಸಾವಿರ ಸಲ ಕೇಳಿದವಳು. ಸಿಟ್ಟು ಆ ರಬ್ಬರಿನ ಅಂಗಿಯ ಮೇಲೆ.

ಹೇಳಿಬಿಡುತ್ತೇನೆ, ಹೇಗೂ ನೀವು ಬೈಯುವ ಹಾಗಿಲ್ಲ. ನಮ್ಮ ಬಾಲ್ಕನಿ ನಿಮಗೆ ಗೊತ್ತು. ಒಂದು ತುಳಸಿ, ಒಂದು ವಾಷಿಂಗ್ ಮಷೀನು, ಮತ್ತೆ ನಾನು. ತುಳಸಿಗೆ ಸುತ್ತು ಬರುವ ಜಾಗ ಇಲ್ಲ, ನಿಂತಲ್ಲೇ ನನಗೆ ನಾನೇ ತಿರುಗುವುದು, ಆತ್ಮಪ್ರದಕ್ಷಿಣೆ. ಟ್ಯಾಬ್ ಗೋಡೆಯ ಮೇಲಿತ್ತು. ಇತ್ತು ಅಂದರೆ, ಇಟ್ಟಿದ್ದೆ. ಒಂದನೇ ಸುತ್ತು, ಏನಿಲ್ಲ. ಎರಡನೇ ಸುತ್ತು, ಮೊಣಕೈ ಸ್ವಲ್ಪ ತಾಗಿತು, ಹಂದಾಡಿತು, ಬೀಳಲಿಲ್ಲ. ಮೂರನೇ ಸುತ್ತಿಗೆ ಮೊಣಕೈ ಸ್ವಲ್ಪ... ಅಗಲ ಆಯಿತು. ಕೆಳಗೆ ಪಾರ್ಕಿಂಗಿನ ತಗಡಿನ ಮಾಡಿನ ಮೇಲೆ ಬಿದ್ದ ಶಬ್ದಕ್ಕೆ ಇಡೀ ಸೊಸೈಟಿ ಹೊರಗೆ ಬಂತು. ಯಾರಿಗೂ ಏನೂ ಆಗಲಿಲ್ಲ, ಕೆಳಗೆ ಯಾರೂ ಇಲ್ಲ ಅಂತ ಮೊದಲೇ ನೋಡಿಕೊಂಡಿದ್ದೆ.

ನೋಡಿಕೊಂಡಿದ್ದೆ ಅಂದರೆ... ಗಾಳಿಗೆ ನಿಂತಾಗ ಹಾಗೇ ಕಣ್ಣಿಗೆ ಬಿದ್ದದ್ದು...

ನಿಮ್ಮದು ಒಳ್ಳೆಯ ಸೌಕರ್ಯ ಮಾರಾಯರೆ. ನೀವು ಬಾಯಿ ಮುಚ್ಚಿ ಕೂತಿದ್ದೀರಿ, ನನ್ನ ಬಾಯಿ ನನ್ನನ್ನೇ ಹಿಡಿದುಕೊಡುತ್ತದೆ. ಆಯಿತು, ನನ್ನ ತಪ್ಪು, ಒಪ್ಪಿದೆ. ಒಂದು ಸಹಿ ಹಾಕಿ, ಹೊಸದು ಬರುತ್ತದೆ, ನೀವು ಪುನಃ ಏಳಕ್ಕೆ ಬನ್ನಿ, ನಾನು ಮ್ಯೂಟ್‌ನಲ್ಲಿ ಇರುತ್ತೇನೆ. ಎಲ್ಲರಿಗೂ ಸುಖ.

ಎಲ್ಲಿಗೆ ಎದ್ದಿರಿ? ಓ, ದೀಪ. ಹೌದು, ಹೊತ್ತಾಯಿತು. ಹಚ್ಚಿ, ಹಚ್ಚಿ. ನಾನೂ ಕೈ ಮುಗಿಯುತ್ತೇನೆ.

...

ಮುಗಿಯಿತಲ್ಲ. ಇನ್ನು ವ್ರತ ಇಲ್ಲ, ಮಾತಾಡಬಹುದು. ಬೈಯಿರಿ ಸ್ವರ್ಣಕ್ಕ. ಬೈಗುಳಕ್ಕೆ ತಯಾರಾಗಿಯೇ ಬಂದವಳು.

ಸ್ವರ್ಣಕ್ಕ?

ದೀಪ ಹಚ್ಚಿ ಆಯಿತು. ಈಗ ಸುಮ್ಮನಿರುವುದು ವ್ರತ ಅಲ್ಲ.

...ನಿಮಗೆ ಗೊತ್ತು. ಟ್ಯಾಬ್ ಒಡೆದದ್ದಕ್ಕೆ ಪ್ರೇಕ್ಷಾ ಫೋನಿನಲ್ಲಿ ಸಾರಿ ಅಂದದ್ದನ್ನು ಕೇಳಿದ್ದೀರಿ. ಆ ಸಾರಿ ಹೇಗೆ ಬಂತು ಅಂತ ನಾನು ಹೇಳಲಿ ಅಂತ ಕೂತಿದ್ದೀರಿ.

ಆ ಸಂಜೆ ಮಾನಸಿ ಬಂದಳು. ಒಡೆದ ಟ್ಯಾಬ್ ಮೇಜಿನ ಮೇಲೆ. ಇದೇನು ಅಂದಳು. ಬಿತ್ತು, ಅಂದೆ ನಾನು. ಮಾನಸಿ ನನ್ನನ್ನು ನೋಡಲಿಲ್ಲ, ಮಗುವನ್ನು ನೋಡಿದಳು. ಮೈನೇ ನಹೀ ಗಿರಾಯಾ, ಬೀಳಿಸಿದ್ದು ನಾನಲ್ಲ, ಅಂತ ಅತ್ತಳು ಪ್ರೇಕ್ಷಾ. ಒಡೆದದ್ದಕ್ಕಿಂತ ಸುಳ್ಳು ಹೇಳಿದ್ದು ದೊಡ್ಡ ತಪ್ಪು ಅಂತ ಮಾನಸಿ ಅವಳನ್ನು ಮೂಲೆಯಲ್ಲಿ ನಿಲ್ಲಿಸಿದಳು. ಮಗು ನನ್ನ ಕಡೆ ನೋಡಿತು. ನಾನು ಜಪಮಣಿ ತೆಗೆದುಕೊಂಡೆ. ಜಪದ ನಡುವೆ ಮಾತಾಡಬಾರದಲ್ಲ. ಎಂದೂ ನೂರೆಂಟು ಮಾಡುವವಳು ಆವತ್ತು ಸಾವಿರದೆಂಟು ಮಾಡಿದೆ. ಅವಳು ಸಾರಿ ಹೇಳಿ ಮಲಗುವವರೆಗೆ ಮಾಡಿದೆ.

ಏಳು ಗಂಟೆ ನನಗೆ ವಾಪಸ್ ಸಿಕ್ಕಿತು. ಬಂದು ಕೂರುತ್ತಾಳೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕೂರುತ್ತಾಳೆ. ಹತ್ತಿ ಕೊಟ್ಟರೆ ಮುಟ್ಟುವುದಿಲ್ಲ. ನಾನು ಮುಟ್ಟಿದರೆ ಮುರಿಯುತ್ತದೆ ಅನ್ನುತ್ತಾಳೆ. ಹತ್ತಿ ಮುರಿಯುತ್ತದಾ ಸ್ವರ್ಣಕ್ಕ? ನಿನ್ನೆ ಹಾಲಿನ ಲೋಟವನ್ನೂ ನಾನೇ ಹಿಡಿದು ಕುಡಿಸಿದೆ.

ಬೇಡ, ಫಾರಂ ನನ್ನ ಕಡೆ ಯಾಕೆ ತಳ್ಳುತ್ತೀರಿ, ಸಹಿ ನಿಮ್ಮದು... ಪೆನ್ನೂ ನನಗೇ? ನಾನು ಬರೆಯಬೇಕಾ.

ಕೊಡಿ. ಕನ್ನಡಕ ಹಾಕಿಕೊಳ್ಳುತ್ತೇನೆ. ಇಂಗ್ಲಿಷು ನಿಧಾನಕ್ಕೆ ಓದುತ್ತೇನೆ ನಾನು. ಎಲ್ಲಿ ಬಿತ್ತು... ಬಾಲ್ಕನಿ. ಎಷ್ಟು ಎತ್ತರದಿಂದ... ನಾಲ್ಕನೇ ಮಾಳಿಗೆ. ಇದೇನು, ಘಟನೆಯಲ್ಲಿ ಮಗುವಿಗೆ ಪೆಟ್ಟಾಗಿದೆಯೇ, ಹೌದು, ಇಲ್ಲ, ಒಂದಕ್ಕೆ ಗುರುತು ಹಾಕಿ. ಎಂಥ ಪ್ರಶ್ನೆ ಕೇಳುತ್ತಾರಪ್ಪ ಇವರು.

ಹೌದು. ಹಾಕಿದೆ.

ಇನ್ನೊಂದು ಉಂಟು ಕೆಳಗೆ. ಬೀಳಿಸಿದ ಮಗುವಿನ ವಯಸ್ಸು. ಮಾನಸಿ ಪೆನ್ಸಿಲಿನಲ್ಲಿ ನಾಲ್ಕು ಅಂತ ಬರೆದಿಟ್ಟಿದ್ದಾಳೆ. ನಿಮ್ಮಲ್ಲಿ ರಬ್ಬರ್ ಉಂಟಾ? ತನ್ನಿ. ಇಷ್ಟೇ ಜಾಗ ಸಾಕು.

ಅರವತ್ತೇಳು.

ಈಗ ಸಹಿ ಹಾಕಿ. ಹೊಸದು ಕೊಡುವುದಿಲ್ಲ ಅಂತ ನನಗೂ ಗೊತ್ತು. ಕಂಪನಿಗೆ ಅಲ್ಲ ಸ್ವರ್ಣಕ್ಕ, ಮಾನಸಿಗೆ ಕೊಡಲಿಕ್ಕೆ. ಇವತ್ತೇ ಕೊಡುತ್ತೇನೆ, ಪ್ರೇಕ್ಷಾಳ ಎದುರಿಗೆ. ಜಪಮಣಿಯನ್ನು ಇಲ್ಲೇ ನಿಮ್ಮ ಹತ್ತಿರ ಬಿಟ್ಟು ಹೋಗುತ್ತೇನೆ.