ಹೇಳಲೇಬೇಕಂತೆ

…ನಾನೇನು ಬೇಕು ಅಂತ ಹೇಳಿದ್ನೇನೋ? ಕಾನೂನು ಕಣೋ, ಕಾನೂನು. ಗೊತ್ತಿದ್ದೋರು ಹೇಳಲೇಬೇಕಂತೆ. ತಮ್ಮನ ವ್ಯಾನ್ ಗುದ್ದಿದ್ದು ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರೆ ಅಕ್ಕನ್ನೂ ಒಳಗೆ ಹಾಕ್ತಾರಂತೆ. ಪೊಲೀಸ್ನೋರು ಮನೆ ಬಾಗಿಲಿಗೇ ಬಂದು ಕೂತ್ರು. ನಾನೊಬ್ಬಳು, ಏನು ಮಾಡ್ಲಿ?

ಯಾಕೋ ನಗ್ತೀಯ?

ನಗು, ನಗು. ನಗೋಕಾದ್ರೂ ಮುಖ ಎತ್ತಿದ್ಯಲ್ಲ. ಈ ಜಾಲರಿಯಲ್ಲಿ ಅರ್ಧ ಮುಖ ಕಾಣೋದೇ ಇಲ್ಲ. ಸೊರಗಿದ್ದೀಯ. ಗಡ್ಡ ತೆಗಿಯೋಕೂ ಬಿಡಲ್ವಾ ಇಲ್ಲಿ? ಸ್ವೆಟರ್ ತಂದಿದ್ದೀನಿ, ಗೇಟಿನವರ ಹತ್ರ ಕೊಟ್ಟೆ. ತೋಳು ಉದ್ದ ಆಗಿದೆ. ಬೆಳೀತೀಯ ಅಂತ ಎರಡು ಬೆರಳು ಜಾಸ್ತಿನೇ ಹೆಣೆದು ಅಭ್ಯಾಸ ನಂಗೆ. ನಲವತ್ತಾಯ್ತು, ಇನ್ನೆಲ್ಲಿ ಬೆಳೀತೀಯ…

ವಕೀಲರು ಬಂದಿದ್ರಾ? ಏನಂದ್ರು?

ನನ್ನ ವಿಷಯ ಏನಾದ್ರೂ… ನೋಡು, ಅವರು ಹೇಳಿದ್ದೆಲ್ಲ ನಂಬಬೇಡ. ನನ್ನನ್ನ ಹೇಗೆ ಹೆದರಿಸಿದ್ರು ಅಂತ ಅವರಿಗೇನು ಗೊತ್ತು? ಇಬ್ರು ಬಂದಿದ್ರು. ಇಲ್ಲ, ಮೂವರು.

ಹಾಗೆ ನೋಡ್ಬೇಡ.

ಅಮ್ಮ ಹೋದಾಗ ನೀನು ನನ್ನ ಸೊಂಟದ ಮೇಲಿದ್ದೆ. ಪಕ್ಕದ ಮನೆ ಕಿಟಕಿ ಗಾಜು ಒಡೆದು ಬಂದು, ಅಕ್ಕ ಒಡೆದ್ಲು ಅಂತಿದ್ದೆ. ನಾನೂ ಹೌದು ಅಂತಿದ್ದೆ. ಎಷ್ಟು ಗಾಜು ಒಡೆದ್ನೋ ನಾನು, ಕಲ್ಲು ಮುಟ್ಟದೇನೇ. ಅಂಥೋಳು ನಾನಾಗೇ ಹೋಗಿ ನಿನ್ನ ಹೆಸರು ಹೇಳ್ತೀನಾ? ನೀನೇ ಹೇಳು. ಹೇಳ್ತೀನಾ?

ಮಾತಾಡೋ.

…ಗೊತ್ತಾಗಿದೆ, ಅಲ್ವಾ.

ಯಾರೂ ಬರ್ಲಿಲ್ಲ. ನಾನೇ ಸ್ಟೇಷನ್ನಿಗೆ ಹೋದೆ. ಅವರಿಗೆ ನಿನ್ನ ಮೇಲೆ ಅನುಮಾನಾನೇ ಇರ್ಲಿಲ್ಲ. ಅಲ್ಲಿದ್ದ ಸಾಹೇಬರು ಅಂದ್ರು, 'ಅಮ್ಮಾ, ಇದಕ್ಕೆ ನಿಮ್ಮನ್ನ ಯಾರೂ ಬಲವಂತ ಮಾಡೋ ಹಾಗಿಲ್ಲ, ಯೋಚನೆ ಮಾಡಿ ಹೇಳಿ' ಅಂತ. ಕುಡಿಯೋಕೆ ನೀರು ಕೊಟ್ರು. ಕುಡಿದು, ಹೇಳಿದೆ.

ಅವತ್ತು ಬೆಳಿಗ್ಗೆ ಅಂಗಡಿಗಳಿಗೆ ಬ್ರೆಡ್ ಹಾಕಿ ಬಂದೋನು ಹಿತ್ತಲಲ್ಲಿ ವ್ಯಾನ್ ತೊಳೀತಿದ್ದೆ. ಮುಂದಿನ ದೀಪ ಒಡೆದಿತ್ತು. ಕೇಳಿದ್ರೆ ನಾಯಿ ಅಡ್ಡ ಬಂತು ಅಂದೆ. ನಾನೂ ನಾಯಿ ಅಂತಲೇ ನಂಬಿದೆ. ಕೆಲಸಕ್ಕೆ ಹೋಗಿ, ಆಸ್ಪತ್ರೆ ಲಾಂಡ್ರಿಯಿಂದ ಚಾದರ ತಗೊಂಡು ವಾರ್ಡಿಗೆ ಹೋದ್ರೆ, ಬಾಗಿಲಲ್ಲಿ ಒಬ್ಬ ಹೆಂಗಸು. ಗಂಡ ಒಳಗೆ. ರಸ್ತೆ ಗುಡಿಸೋನು ಪಾಪ, ಅದೇ ಬೆಳಿಗ್ಗೆ, ನಿಮ್ಮ ಬೇಕರಿ ತಿರುವಿನಲ್ಲೇ ಬಿದ್ದಿದ್ದನಂತೆ. ಹೋಗೋರು ಬರೋರನ್ನೆಲ್ಲ ಕೇಳ್ತಿದ್ಲು, ಯಾರು ಗುದ್ದಿದ್ದು ಅಂತ ನಿಮಗೇನಾದ್ರೂ ಗೊತ್ತಾ ಅಂತ. ನನ್ನನ್ನೂ ಕೇಳಿದ್ಲು. ಗೊತ್ತಿಲ್ಲ ಅಂದೆ. ಮಾರನೇ ದಿನ, ಕೇಳಿದ್ದು ಮರೆತು ಮತ್ತೆ ಕೇಳಿದ್ಲು. ಮತ್ತೆ ಗೊತ್ತಿಲ್ಲ ಅಂದೆ. ಆಮೇಲೊಂದು ಬೆಳಿಗ್ಗೆ ಮಂಚ ಖಾಲಿ. ಅವನ ಚಾದರ ನನ್ನ ಲಾಂಡ್ರಿ ಗಾಡಿಗೇ ಬಿತ್ತು.

ಆಗಲೂ ಹೋಗ್ಲಿಲ್ಲ ಕಣೋ. ನೀನೇ ಹೋಗಿ ಹೇಳ್ತೀಯ ಅಂತ ಕಾದೆ. ನೀನು ಉಣ್ತಿದ್ದೆ, ಮಲಗ್ತಿದ್ದೆ. ಒಂದಿನ ಶಿಳ್ಳೆ ಹಾಕ್ತಾ ಸ್ನಾನ ಮಾಡ್ತಿದ್ದೆ. ಅದನ್ನ ಕೇಳ್ತಾ ಕೇಳ್ತಾನೇ ಚಪ್ಪಲಿ ಮೆಟ್ಟಿಕೊಂಡೆ.

ಕಾನೂನು ಅಂತ ಯಾಕಂದೆ ಅಂದ್ರೆ… ನಿನ್ನ ಕೋಪ ಅದರ ಮೇಲೆ ಹೋಗ್ಲಿ ಅಂತ. ಅದಕ್ಕೆ ಎಷ್ಟು ಜನ ಬೈದ್ರೂ ಏನೂ ಆಗಲ್ಲ. ನಂಗೆ ಆಗುತ್ತೆ.

ಬೈಯಿ. ಏನಾದ್ರೂ ಅನ್ನು.

ಬೇಡ, ಏನೂ ಅನ್ಬೇಡ. ಹೀಗೇ ಸುಮ್ನೆ ಕೂತಿರು. ಎದ್ದು ಮಾತ್ರ… ಬೇಡ ಕಣೋ. ಇನ್ನೂ ಟೈಮಿದೆ.